ಪಾಯ ತೋಡುವ ಮೊದಲು

ಮನೆ ಕಟ್ಟಲು ಸ್ಥಳೀಯ ಸಂಸ್ಥೆ ಕೊಡುವ ಒಪ್ಪಿಗೆಗೆ ಕಡತದಲ್ಲಿ ಕಟ್ಟಡ ಪರವಾನಗಿ ಎಂದು ಹೆಸರು; ಜನರ ಬಾಯಲ್ಲಿ ಅದು ಲೈಸೆನ್ಸು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಅದನ್ನು ಕೊಡುವುದು ನಗರಸಭೆ, ಮೊಳಕಾಲ್ಮುರು ಮತ್ತು ನಾಯಕನಹಟ್ಟಿಗಳಲ್ಲಿ ಪಟ್ಟಣ ಪಂಚಾಯಿತಿ, ಸುತ್ತಲ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ. ಈ ಒಂದು ಹಾಳೆಯ ಹಿಂದೆ ಎರಡು ಪ್ರಶ್ನೆಗಳಿವೆ. ಈ ಜಾಗದಲ್ಲಿ ಮನೆ ಕಟ್ಟಬಹುದೇ ಎಂಬುದು ಮೊದಲನೆಯದು. ಕಟ್ಟುವುದಾದರೆ ಎಷ್ಟು ಎತ್ತರ, ಗಡಿಯಿಂದ ಎಷ್ಟು ದೂರ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಊರಿನ ವಲಯ ನಕ್ಷೆಯಲ್ಲಿದೆ, ಎರಡನೆಯದಕ್ಕೆ ವಲಯ ನಿಯಮಾವಳಿ ಮತ್ತು ಕಟ್ಟಡ ಉಪವಿಧಿಗಳಲ್ಲಿ. ಎರಡರ ಬಗ್ಗೆಯೂ ಪಕ್ಕದ ಮನೆಯವರಿಗೆ, ಎದುರು ಬೀದಿಯವರಿಗೆ, ಬಣವೆ ಹಾಕುವ ಕಣ ಕಳೆದುಕೊಳ್ಳುವವರಿಗೆ ಹೇಳಲು ಮಾತಿರುತ್ತದೆ. ಆ ಮಾತನ್ನು ಕೇಳಿಸಿಕೊಳ್ಳುವ ಕ್ರಮವೇ ಅಹವಾಲು ವಿಚಾರಣೆ.

ಅಮೆರಿಕದ ಅನೇಕ ಊರುಗಳಲ್ಲಿ ಯಾರಾದರೂ ವಲಯ ನಿಯಮದಿಂದ ವಿನಾಯಿತಿ ಕೇಳಿದರೆ ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ. ಗೊತ್ತುಮಾಡಿದ ದಿನ ಮಂಡಳಿ ಕೂತು ಅರ್ಜಿದಾರರ ಮತ್ತು ನೆರೆಯವರ ಮಾತನ್ನು ಎಲ್ಲರೆದುರು ಕೇಳುತ್ತದೆ. ನ್ಯೂಯಾರ್ಕ್ ನಗರ 1916ರಲ್ಲಿ ವಲಯ ನಿಯಮ ತಂದ ನಂತರ ಈ ಪದ್ಧತಿ ಆ ದೇಶದಲ್ಲಿ ಬೇರೂರಿತು. ಕರ್ನಾಟಕದಲ್ಲಿ ಒಂದೊಂದು ಮನೆಗೂ ಅಂಥ ಬಹಿರಂಗ ಸಭೆ ಇಲ್ಲ. ಹಾಗೆಂದು ಇಲ್ಲಿ ಜನರ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲವೆಂದಲ್ಲ. ಆ ಜಾಗ ಹಲವು ಕಚೇರಿಗಳಲ್ಲಿ, ಹಲವು ವರ್ಷಗಳ ಉದ್ದಕ್ಕೆ ಚೂರುಚೂರಾಗಿ ಹಂಚಿಹೋಗಿದೆ. ಮಾತಿಗೆ ಹೆಚ್ಚು ಬಲವಿರುವುದು ನಕ್ಷೆ ಬರೆಯುವ ಹೊತ್ತಿನಲ್ಲಿ. ಆಗ ಕಚೇರಿಯ ಕಡೆ ಹೋಗುವವರು ವಿರಳ. ಪಕ್ಕದ ನಿವೇಶನದಲ್ಲಿ ಪಿಲ್ಲರ್ ಎದ್ದ ದಿನ ಎಲ್ಲರೂ ಕಚೇರಿಗೆ ಓಡುತ್ತಾರೆ. ಅಷ್ಟರಲ್ಲಿ ಹೇಳಬಹುದಾದ ಮಾತು ಬಹಳ ಕಡಿಮೆಯಾಗಿರುತ್ತದೆ.

ವಲಯ ವಿಂಗಡಣೆಯ ಮೂಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಒಂದು ಊರನ್ನೂ ಅದರ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಸರ್ಕಾರ ‘ಸ್ಥಳೀಯ ಯೋಜನಾ ಪ್ರದೇಶ’ ಎಂದು ಘೋಷಿಸುತ್ತದೆ. ಆ ಪ್ರದೇಶಕ್ಕೆ ಯೋಜನಾ ಪ್ರಾಧಿಕಾರ ಮಹಾಯೋಜನೆ ತಯಾರಿಸುತ್ತದೆ. ಮಹಾಯೋಜನೆಯ ನಕ್ಷೆಯಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನಕ್ಕೆ ಹಸಿರು ಹೀಗೆ ಬಣ್ಣ ಬಳಿದಿರುತ್ತಾರೆ. ಹೊಲದ ಮೇಲೆ ಬಿದ್ದ ಬಣ್ಣವೇ ಮುಂದೆ ಅಲ್ಲಿ ಮನೆ ಏಳುತ್ತದೋ ಗೋದಾಮು ಏಳುತ್ತದೋ ಎಂಬುದನ್ನು ನಿರ್ಧರಿಸುತ್ತದೆ.

ಕರಡು ಯೋಜನೆಗೆ ಸರ್ಕಾರದ ತಾತ್ಕಾಲಿಕ ಒಪ್ಪಿಗೆ ಸಿಕ್ಕ ಮೇಲೆ, ಅಧಿನಿಯಮದ 13ನೇ ಕಲಮಿನಂತೆ, ಪ್ರಾಧಿಕಾರ ಅದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನ ಕೊಡಬೇಕು. ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಿ ತನ್ನ ಶಿಫಾರಸಿನೊಂದಿಗೆ ಮತ್ತೆ ಸರ್ಕಾರಕ್ಕೆ ಕಳಿಸಬೇಕು. ಆಮೇಲೆ ಸಿಗುವುದು ಅಂತಿಮ ಒಪ್ಪಿಗೆ. ಒಮ್ಮೆ ಜಾರಿಯಾದ ಯೋಜನೆಯನ್ನು ಕನಿಷ್ಠ 10 ವರ್ಷಕ್ಕೊಮ್ಮೆ ಹೊಸದಾಗಿ ಸಮೀಕ್ಷೆ ಮಾಡಿ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಂದರೆ ಈ 60 ದಿನ ಕೈತಪ್ಪಿದರೆ ಮುಂದಿನ ಸರದಿಗೆ ಒಂದು ದಶಕದವರೆಗೂ ಕಾಯಬೇಕಾಗಬಹುದು.

ಚಳ್ಳಕೆರೆಯಂಥ ಊರಿಗೆ ಈ 60 ದಿನ ಎಷ್ಟು ದೊಡ್ಡದೆಂಬುದು ಊರಿನೊಳಗೆ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ. ಶೇಂಗಾ ಬೆಳೆಯ ಆಸರೆಯಲ್ಲಿ ಬೆಳೆದ ಎಣ್ಣೆ ಗಿರಣಿಗಳಿಂದ ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಬಂತು. ಗಿರಣಿಗಳು ಶುರುವಾದಾಗ ಊರ ಹೊರಗಿದ್ದವು. ಊರು ಬೆಳೆದು ಅವುಗಳನ್ನು ಸುತ್ತುವರಿಯಿತು. ಗಿರಣಿಯ ಕಾಂಪೌಂಡಿಗೆ ತಾಗಿ ಮನೆಗಳಿವೆ, ಲೋಡು ಇಳಿಸಲು ಬಂದ ಲಾರಿ ಮಕ್ಕಳಾಡುವ ಬೀದಿಯಲ್ಲೇ ತಿರುಗಬೇಕು. ಇಂಥ ಕಡೆ ನಕ್ಷೆಯ ಮೇಲೆ ನೇರಳೆ ಎಲ್ಲಿ ನಿಲ್ಲಬೇಕು, ಹಳದಿ ಎಲ್ಲಿಂದ ಶುರುವಾಗಬೇಕು ಎಂಬುದು ಮನೆಯವರಿಗೂ ಗಿರಣಿಯವರಿಗೂ ಬದುಕಿನ ಪ್ರಶ್ನೆ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಚಳ್ಳಕೆರೆಯ ಮೂಲಕವೇ ಹಾಯುತ್ತದೆ. ಹೆದ್ದಾರಿ ಬದಿಯ ಹೊಲಗಳು ನಿವೇಶನಗಳಾಗಲು ಕಾದಿರುವುದೂ ಹೊಸ ಸಂಗತಿಯಲ್ಲ. ಹೆದ್ದಾರಿಗೆ ತನ್ನದೇ ಕಟ್ಟಡ ರೇಖೆ ಇದೆ: ರಸ್ತೆಯ ನಡುಗೆರೆಯಿಂದ ಸಾಮಾನ್ಯವಾಗಿ 40 ಮೀಟರ್ ಒಳಗೆ ಕಟ್ಟುವಂತಿಲ್ಲ. ಊರೊಳಗೆ ಈ ಅಂತರ ಬೇರೆಯಾಗಬಹುದು. ಆದರೆ ರೇಖೆ ಎಲ್ಲಿದೆಯೆಂದು ತಿಳಿಯದೆ ನಿವೇಶನ ಕೊಂಡವರಿಗೆ ಅಂಗಳ ಮಾತ್ರ ಉಳಿಯುವುದುಂಟು.

60 ದಿನಗಳ ನೋಟಿಸು ಜನರಿಗೆ ಮುಟ್ಟುವ ಬಗೆಯೇ ದೊಡ್ಡ ತೊಡಕು. ಗೋಡೆಗೆ ಅಂಟಿಸಿದ ನಕ್ಷೆಯಲ್ಲಿ ಸರ್ವೆ ನಂಬರುಗಳು ಇರುವೆ ಸಾಲಿನಂತೆ ಕಾಣುತ್ತವೆ; ತನ್ನ ಹೊಲ ಯಾವುದೆಂದು ಗುರುತಿಸಲು ರೈತನಿಗೆ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ. ಆ ದಿನಗಳು ಶೇಂಗಾ ಬಿತ್ತನೆಯ ಕಾಲಕ್ಕೆ ಬಿದ್ದರೆ ಕಚೇರಿಗೆ ಬರುವವರೇ ಇರುವುದಿಲ್ಲ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಸೀಮೆಯಲ್ಲಿ ಹದ ಬಿದ್ದ ಭೂಮಿ ಬಿಟ್ಟು ನಕ್ಷೆ ನೋಡಲು ಹೋಗು ಎಂದರೆ ಯಾರೂ ಹೋಗುವುದಿಲ್ಲ. ನಕ್ಷೆಯನ್ನು ವಾರ್ಡುವಾರು ಬಿಡಿಸಿ, ಶಾಲೆಯ ಜಗುಲಿಯಲ್ಲಿ ತೂಗುಹಾಕಿ, ಸಂತೆಯ ದಿನ ಒಬ್ಬ ಸಿಬ್ಬಂದಿಯನ್ನು ಕೂರಿಸಿದರೆ ಕಾಯ್ದೆಯ ಆಶಯ ನಿಜವಾಗಿ ಈಡೇರುತ್ತದೆ. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ಆಕ್ಷೇಪಣೆ ಬರೆಯುವುದು ಕಷ್ಟದ ಕೆಲಸವಲ್ಲ. ಸರ್ವೆ ನಂಬರು ಅಥವಾ ಆಸ್ತಿಯ ಸಂಖ್ಯೆ, ಕರಡಿನಲ್ಲಿ ಅಲ್ಲಿಗೆ ತೋರಿಸಿರುವ ಬಳಕೆ, ಈಗ ಅಲ್ಲಿರುವ ನಿಜ ಸ್ಥಿತಿ, ಬದಲಾಗಬೇಕಾದದ್ದು ಏನು ಮತ್ತು ಏಕೆ ಎಂಬ ನಾಲ್ಕು ಸಂಗತಿ ಇದ್ದರೆ ಸಾಕು. ‘ಖುದ್ದು ಅಹವಾಲಿಗೆ ಅವಕಾಶ ಕೊಡಿ’ ಎಂಬ ಒಂದು ಸಾಲು ಸೇರಿಸಿ, ನಕಲು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದು ಮುಖ್ಯ. ಮುಂದೆ ಯಾವ ನ್ಯಾಯಾಲಯಕ್ಕೆ ಹೋದರೂ ಮೊದಲು ಕೇಳುವುದು ಆ ಮೊಹರನ್ನೇ.

ಜಾರಿಯಾದ ಯೋಜನೆಯಲ್ಲಿ ಒಂದು ತುಂಡು ಜಾಗದ ಬಳಕೆಯನ್ನು ಮಾತ್ರ ಬದಲಿಸಲು 14-ಎ ಕಲಮಿನಲ್ಲಿ ದಾರಿಯಿದೆ. ಹಸಿರು ಇದ್ದದ್ದನ್ನು ಹಳದಿ ಮಾಡುವುದು, ಹಳದಿಯನ್ನು ನೀಲಿ ಮಾಡುವುದು ಈ ಬಾಗಿಲಿನಿಂದಲೇ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಇರಬೇಕು, ಸರ್ಕಾರದ ಪೂರ್ವಾನುಮತಿ ಬೇಕು, ಆ ಪ್ರದೇಶದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಅಮೆರಿಕದ ವಲಯ ವಿಚಾರಣೆಗೆ ಕರ್ನಾಟಕದಲ್ಲಿ ತೀರ ಹತ್ತಿರದ್ದು ಯಾವುದೆಂದರೆ ಇದೇ. ಆದರೆ ಪ್ರಕಟಣೆ ಬರುವುದು ಒಳಪುಟದ ಮೂಲೆಯಲ್ಲಿ, ಟೆಂಡರು ಮತ್ತು ಹರಾಜಿನ ಜಾಹೀರಾತುಗಳ ನಡುವೆ. ಅದರಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ಇರುತ್ತವೆ. ಊರವರು ಆ ಜಾಗವನ್ನು ಕರೆಯುವ ಹೆಸರು ಇರುವುದಿಲ್ಲ. ಪಕ್ಕದ ಹೊಲದವರು ಪತ್ರಿಕೆ ಓದಿದರೂ ಅದು ತಮ್ಮ ಬದುವಿನ ಆಚೆಯ ಜಾಗವೆಂದು ಹೊಳೆಯದೇ ಹೋಗಬಹುದು.

ಮಹಾಯೋಜನೆಯ ಜೊತೆಜೊತೆಗೆ ಕಂದಾಯ ಇಲಾಖೆಯದು ಇನ್ನೊಂದು ಹಾದಿ. ಕೃಷಿ ಭೂಮಿಯಲ್ಲಿ ಮನೆ ಕಟ್ಟಲು 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 95ನೇ ಕಲಮಿನಡಿ ಭೂ ಪರಿವರ್ತನೆ ಆಗಬೇಕು. ಜನ ಇದನ್ನು ಅಲಿನೇಷನ್ ಎನ್ನುತ್ತಾರೆ. ಆದೇಶ ಕೊಡುವವರು ಜಿಲ್ಲಾಧಿಕಾರಿ. ಈ ಹಾದಿಯಲ್ಲಿ ಬಾಧ್ಯಸ್ಥರ ತಕರಾರಿಗೆ ಬೆಲೆಯಿದೆ: ಭಾಗವಾಗದ ಜಂಟಿ ಪಹಣಿ, ಹಿಂದಿನ ಹೊಲಗಳಿಗೆ ಹೋಗುವ ಬಂಡಿದಾರಿ, ನೀರು ಹರಿಯುವ ಹಳ್ಳ. ಬಂಡಿದಾರಿಯ ವಿಷಯ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳಲ್ಲಿ ಬಹಳ ನೋವಿನದು. ಮುಂದಿನ ಹೊಲ ಬಡಾವಣೆಯಾಗಿ ಕಲ್ಲು ನೆಟ್ಟ ಮೇಲೆ ಹಿಂದಿನವರ ಟ್ರ್ಯಾಕ್ಟರು ನಿಂತುಬಿಡುತ್ತದೆ. ಗ್ರಾಮ ನಕ್ಷೆಯಲ್ಲಿ ದಾರಿ ಗುರುತಾಗಿದ್ದರೆ ವಾದ ಸುಲಭ. ರೂಢಿಯ ದಾರಿಯಾದರೆ ಪರಿವರ್ತನೆಯ ಕಡತ ತಹಸೀಲ್ದಾರರ ವರದಿಯ ಹಂತದಲ್ಲಿರುವಾಗಲೇ ಲಿಖಿತ ತಕರಾರು ಸಲ್ಲಿಸಬೇಕು.

ಪರಿವರ್ತನೆ ಆದ ಮಾತ್ರಕ್ಕೆ ಬಡಾವಣೆ ಆಗುವುದಿಲ್ಲ. ಯೋಜನಾ ಅಧಿನಿಯಮದ 17ನೇ ಕಲಮಿನಂತೆ ವಿನ್ಯಾಸಕ್ಕೆ ಒಪ್ಪಿಗೆ ಬೇಕು. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನ ಬಿಟ್ಟಿರಬೇಕು. ಈ ಹಂತಗಳನ್ನು ದಾಟದೆ ಹೊಲವನ್ನೇ ತುಂಡು ಮಾಡಿ ಮಾರಿದ್ದು ‘ರೆವಿನ್ಯೂ ಸೈಟು’. ಕೊಂಡವರು ಬಹುತೇಕ ಶಿಕ್ಷಕರು, ಕಂಡಕ್ಟರರು, ಬೀದಿಬದಿ ವ್ಯಾಪಾರಿಗಳು, ಬೆಂಗಳೂರಿಗೆ ದುಡಿಯಲು ಹೋದವರ ಮನೆಯವರು. ಖಾತೆ ಆಗುವುದಿಲ್ಲ, ಖಾತೆಯಿಲ್ಲದೆ ಲೈಸೆನ್ಸಿಲ್ಲ, ಲೈಸೆನ್ಸಿಲ್ಲದೆ ಬ್ಯಾಂಕಿನ ಸಾಲವಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಘೋಷಿಸಿತು. ಅದರಿಂದ ಆಸ್ತಿ ತೆರಿಗೆಯ ಲೆಕ್ಕಕ್ಕೆ ಬರುತ್ತದೆ, ಬಡಾವಣೆ ಸಕ್ರಮವಾಗುವುದಿಲ್ಲ. ಖಾತೆ ಮಾಲೀಕತ್ವದ ಪತ್ರವಲ್ಲ ಎಂಬುದನ್ನೂ ನೆನಪಿಡಬೇಕು.

ಒಪ್ಪಿಗೆ ಪಡೆದ ಬಡಾವಣೆಯ ಉದ್ಯಾನದ ಬಗ್ಗೆ ಸುಪ್ರೀಂ ಕೋರ್ಟ್ 1991ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂದು ಹೆಸರಾದ ಆ ಪ್ರಕರಣದಲ್ಲಿ, ಬಯಲು ಜಾಗ ಉಳಿಸಿಕೊಳ್ಳುವುದು ಅಲ್ಲಿ ವಾಸಿಸುವವರ ಹಿತವೆಂದೂ ಅದಕ್ಕಾಗಿ ಪ್ರಶ್ನಿಸುವ ಹಕ್ಕು ಅವರಿಗಿದೆಯೆಂದೂ ನ್ಯಾಯಾಲಯ ಒಪ್ಪಿತು. ತಾಲ್ಲೂಕು ಕೇಂದ್ರದ ಬಡಾವಣೆಯಲ್ಲಿ ಪಾರ್ಕಿನ ಜಾಗದಲ್ಲಿ ಕಟ್ಟಡ ಎದ್ದಾಗಲೂ ಈ ಮಾತು ಅನ್ವಯಿಸುತ್ತದೆ.

ಈಗ ಒಂದು ಮನೆಯ ಅರ್ಜಿ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ 187ನೇ ಕಲಮು, ಮನೆ ಕಟ್ಟುವ ಮೊದಲು ನಕ್ಷೆ ಸಹಿತ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕೆನ್ನುತ್ತದೆ. ಕ್ರಯಪತ್ರ ಅಥವಾ ಹಕ್ಕುಪತ್ರ, ಇ-ಖಾತೆ, ಕಂದಾಯದ ರಸೀದಿ, ನೋಂದಾಯಿತ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಜೊತೆಗಿರಬೇಕು. ಅರ್ಜಿ ಈಗ ಆನ್‌ಲೈನಿನಲ್ಲೇ ಹೋಗುತ್ತದೆ. 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಈ ಹಂತದಲ್ಲಿ ಪಕ್ಕದ ಮನೆಯವರಿಗೆ ನೋಟಿಸು ಕೊಡುವ ಪದ್ಧತಿ ಇಲ್ಲ. ಅವರು ತಾವಾಗಿ ತಕರಾರು ಅರ್ಜಿ ಕೊಟ್ಟರೆ ಎಂಜಿನಿಯರ್ ಸ್ಥಳ ಪರಿಶೀಲನೆಗೆ ಬರುತ್ತಾರೆ, ಎರಡೂ ಕಡೆಯವರ ದಾಖಲೆ ಕೇಳುತ್ತಾರೆ. ಜಾಗ ಯಾರದೆಂದು ತೀರ್ಮಾನಿಸುವ ಅಧಿಕಾರ ಪೌರಾಯುಕ್ತರಿಗೂ ಇಲ್ಲ, ಮುಖ್ಯಾಧಿಕಾರಿಗೂ ಇಲ್ಲ. ಅದು ಸಿವಿಲ್ ನ್ಯಾಯಾಲಯದ್ದು. ನಿಯಮದಂತೆ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ, ಒಪ್ಪಿದ ನಕ್ಷೆಯಂತೆ ಕಟ್ಟುತ್ತಿದ್ದಾರೆಯೇ ಎಂಬುದಷ್ಟೇ ಕಚೇರಿಯ ಪ್ರಶ್ನೆ. ಗಾಳಿ ಬೆಳಕಿನ ವಿಷಯವೂ ಹಾಗೆಯೇ. 1882ರ ಅನುಭೋಗ ಹಕ್ಕುಗಳ ಕಾಯ್ದೆಯಂತೆ 20 ವರ್ಷ ಅಡ್ಡಿಯಿಲ್ಲದೆ ಕಿಟಕಿಯಿಂದ ಬೆಳಕು ಪಡೆದ ಮನೆಗೆ ಆ ಬೆಳಕಿನ ಹಕ್ಕು ಹುಟ್ಟುತ್ತದೆ. ಅದನ್ನು ಸ್ಥಾಪಿಸಬೇಕಾದದ್ದು ನ್ಯಾಯಾಲಯದಲ್ಲಿ.

ಈ ನಿಯಮಗಳಿಗೂ ಇಲ್ಲಿಯ ಮನೆಗಳಿಗೂ ಹೊಂದಿಕೆ ಸುಲಭವಾಗಿ ಆಗುವುದಿಲ್ಲ. ಹಳೆಯ ಚಳ್ಳಕೆರೆ, ಮೊಳಕಾಲ್ಮುರುಗಳದು ಮಾಳಿಗೆ ಮನೆ: ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕರಲು ಮಣ್ಣಿನ ದಪ್ಪ ಹಾಸು, ಬೆಳಕಿಗೆ ಗವಾಕ್ಷಿ. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಮಾಳಿಗೆಯಿಂದ ಮಾಳಿಗೆಗೆ ಹೆಜ್ಜೆ ಹಾಕಿ ಬೀದಿಯ ಕೊನೆ ಮುಟ್ಟಬಹುದು. ಗೋಡೆ ಹಂಚಿಕೊಂಡ ಕಾರಣ ಮಧ್ಯಾಹ್ನದ ಬಿಸಿಲು ಪಕ್ಕದ ಗೋಡೆಗೆ ತಾಗುವುದೇ ಇಲ್ಲ. ಉಪವಿಧಿಗಳ ಮನಸ್ಸಿನಲ್ಲಿರುವುದು ನಾಲ್ಕೂ ಕಡೆ ಬಯಲು ಬಿಟ್ಟು ಒಂಟಿಯಾಗಿ ನಿಂತ ಮನೆ. ಮಳೆಗೆ ಮಾಳಿಗೆ ಕುಸಿದು ಹೊಸ ಮನೆಗೆ ಅರ್ಜಿ ಹಾಕಿದವರಿಗೆ ಈ ವ್ಯತ್ಯಾಸ ಟೇಪು ಹಿಡಿದಾಗ ಗೊತ್ತಾಗುತ್ತದೆ. 20 ಅಡಿ ಅಗಲದ ಜಾಗದಲ್ಲಿ ಎರಡೂ ಬದಿ ಒಂದೊಂದು ಮೀಟರ್ ಬಿಟ್ಟರೆ ಉಳಿಯುವುದು ಹದಿಮೂರೂವರೆ ಅಡಿಯೂ ಇಲ್ಲ. ಅದರಲ್ಲಿ ಗೋಡೆಯ ದಪ್ಪ ಕಳೆದರೆ ಒಂದು ಕೋಣೆ, ಒಂದು ಓಡಾಡುವ ಸಂದಿ. ಹಾಗೆಂದು ಬಯಲು ಬಿಡುವ ನಿಯಮವೇ ತಪ್ಪೆನ್ನಲಾಗದು. ಕಾಂಕ್ರೀಟ್ ಮನೆಗಳು ಗೋಡೆಗೆ ಗೋಡೆ ತಾಗಿ ಎರಡು ಮೂರು ಅಂತಸ್ತು ಎದ್ದರೆ ಗವಾಕ್ಷಿಯೂ ಇಲ್ಲ, ಕಿಟಕಿಯೂ ಇಲ್ಲ. ಬೇಕಾದದ್ದು ಹಳೆಯ ಊರಿಗೆ ಅದರದೇ ಅಳತೆ. ವಲಯ ನಿಯಮಾವಳಿಯೂ ಮಹಾಯೋಜನೆಯ ಭಾಗ. ಆದ್ದರಿಂದ ಹಳೆ ಪೇಟೆಯವರು ಅದನ್ನು ಕೇಳಬೇಕಾದದ್ದು ಅದೇ 60 ದಿನಗಳಲ್ಲಿ.

ಮೊಳಕಾಲ್ಮುರಿನಲ್ಲಿ ಮನೆಯೆಂದರೆ ಮಗ್ಗವೂ ಹೌದು. ಇಲ್ಲಿಯ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಗುಣಿಮಗ್ಗ ಇರುವ ಮನೆಯಲ್ಲಿ ನಡುಮನೆಯ ನೆಲ ತೋಡಿ ಗುಣಿ ಮಾಡಿರುತ್ತಾರೆ. ನೇಯುವವರು ಅದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಲಾಳಿಯ ಸದ್ದಿನ ಪಕ್ಕದಲ್ಲೇ ಒಲೆ ಉರಿಯುತ್ತದೆ. ಇದು ವಸತಿಯೋ ಕೈಗಾರಿಕೆಯೋ ಎಂದು ಬಣ್ಣ ಹಚ್ಚುವವರು ಕೇಳಿದರೆ ಎರಡೂ ಎಂಬುದೇ ಸರಿಯಾದ ಉತ್ತರ. ಮನೆಯೊಳಗಿನ ಕಸುಬಿಗೆ ವಸತಿ ವಲಯದಲ್ಲಿ ಎಷ್ಟು ಜಾಗ, ವಿದ್ಯುತ್ ಮಗ್ಗವಾದರೆ ಎಷ್ಟು ಅಶ್ವಶಕ್ತಿ ಎಂಬುದನ್ನು ನಿಯಮಾವಳಿಯ ಕರಡು ಬಂದಾಗಲೇ ನೇಕಾರರು ಓದಿ ನೋಡಬೇಕು. ಊರನ್ನು ಬೆಟ್ಟಗಳು ಒತ್ತಿಕೊಂಡಿರುವುದರಿಂದ ಹೊಸ ಮನೆಗೆ ಬಯಲೂ ಕಡಿಮೆ.

ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಕಲಮು ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕೆನ್ನುತ್ತದೆ. ಬಾಯಿಬಿಟ್ಟು ಕೇಳುವ ನಿಜವಾದ ಸಭೆ ಇರುವುದೂ ಇಲ್ಲೇ: ವಾರ್ಡ್ ಸಭೆ, ಗ್ರಾಮ ಸಭೆ. ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆ ಗ್ರಾಮ ಸಭೆಯಲ್ಲಿ ಆಗಬೇಕು. ‘ಅವನಿಗೆ ಮನೆ ಇದೆ, ಇವಳಿಗೆ ಇಲ್ಲ’ ಎಂಬ ಮಾತು ಎಲ್ಲರೆದುರು ಬರುತ್ತದೆ. ಜಗಳವೂ ಆಗುತ್ತದೆ. ಆದರೂ ಕಚೇರಿಯ ಕೋಣೆಯಲ್ಲಿ ಪಟ್ಟಿ ಮುಗಿಸುವುದಕ್ಕಿಂತ ಈ ಜಗಳವೇ ಮೇಲು. ಹಾಜರಿ ಪುಸ್ತಕಕ್ಕೆ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಸಭೆ ನಡೆಯಿತೆಂದು ಬರೆದರೆ ಬಡವರ ಮಾತಿಗೆ ಇದ್ದ ಒಂದೇ ಜಾಗವೂ ಹೋಗುತ್ತದೆ.

ಈ ಸೀಮೆಯ ಗೊಲ್ಲರಹಟ್ಟಿಗಳದೂ ಮ್ಯಾಸ ನಾಯಕರ ಹಟ್ಟಿಗಳದೂ ಬೇರೆಯೇ ಕಥೆ. ಹಟ್ಟಿಗೆ ಮುಳ್ಳುಬೇಲಿಯ ಗಡಿ, ದೇವರ ಜಾಗ, ಕುರಿದೊಡ್ಡಿ, ಮನೆಗಳ ಸಾಲು ಎಲ್ಲಕ್ಕೂ ಕಟ್ಟಳೆ ಇತ್ತು. ಕಾಗದವಿಲ್ಲದ ವಲಯ ವಿಂಗಡಣೆ ಅದು. ಆ ಕಟ್ಟಳೆ ಮುಟ್ಟು, ಬಾಣಂತನದ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಹಟ್ಟಿಯ ಆಚೆ ಇರಿಸಿತು, ಅವರನ್ನು ಕೇಳಲಿಲ್ಲ. ಕಾಗದವಿಲ್ಲದ ಕಾರಣಕ್ಕೆ ಸರ್ಕಾರದ ಲೆಕ್ಕದಲ್ಲಿ ಇಂಥ ಎಷ್ಟೋ ವಸತಿಗಳು ಊರುಗಳೇ ಆಗಿರಲಿಲ್ಲ. ತಲೆಮಾರುಗಳಿಂದ ಬಾಳಿದ ಮನೆಗೆ ಖಾತೆಯಿಲ್ಲ, ಬಿದ್ದರೆ ಕಟ್ಟಲು ಲೈಸೆನ್ಸಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮ ಮಾಡಲು ಭೂ ಕಂದಾಯ ಅಧಿನಿಯಮಕ್ಕೆ ಗ್ರಾಮಾಂತರಕ್ಕೆ 94-ಸಿ, ಪಟ್ಟಣಕ್ಕೆ 94-ಸಿಸಿ ಕಲಮುಗಳು ಬಂದವು. ಖಾಸಗಿ ಜಮೀನಿನ ಮೇಲಿರುವ ದಾಖಲೆಯಿಲ್ಲದ ಹಟ್ಟಿ, ತಾಂಡಾಗಳ ನಿವಾಸಿಗಳಿಗೆ ಹಕ್ಕು ಕೊಡಲು ಭೂ ಸುಧಾರಣಾ ಕಾಯ್ದೆಗೆ 38-ಎ ಕಲಮು 2017ರಲ್ಲಿ ಸೇರಿತು. ಈ ಹಕ್ಕುಪತ್ರ ಸಿಕ್ಕ ಮನೆ ಲೈಸೆನ್ಸಿನ ಸಾಲಿನಲ್ಲಿ ನಿಲ್ಲಬಹುದು. ಅದರಾಚೆ ಉಳಿದವರ ಮನೆ ಇನ್ನೂ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಜನರನ್ನು ಮೊದಲೇ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚಳ್ಳಕೆರೆಯ ಕಾವಲುಗಳೇ ಸಾಕ್ಷಿ. ವರವು, ಕುದಾಪುರ, ಉಳ್ಳಾರ್ತಿಗಳ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆಯನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊ ಮುಂತಾದವಕ್ಕೆ ಕೊಡಲಾಯಿತು. ದನ, ಕುರಿ ಮೇಯಿಸುತ್ತಿದ್ದ ಹಳ್ಳಿಗರಿಗೆ ಬದಲಾವಣೆ ಗೊತ್ತಾದದ್ದು ಮೇವಿನ ಹಾದಿಗೆ ಅಡ್ಡ ಗೋಡೆ ಎದ್ದಾಗ. ವಿವಾದ ಹಸಿರು ನ್ಯಾಯಮಂಡಳಿ ಮುಟ್ಟಿ 2014ರಲ್ಲಿ ಆದೇಶ ಬರುವ ಹೊತ್ತಿಗೆ ಗೋಡೆ ನಿಂತಿತ್ತು.

ಮೊಳಕಾಲ್ಮುರು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ವಲಯದ ಗೆರೆ ಎಳೆದಿರುವುದು ಸಾಮ್ರಾಟ ಅಶೋಕ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಆತನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು; 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಗೊತ್ತುಮಾಡಿದೆ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆಗೆ ಅನುಮತಿಯೇ ಇಲ್ಲ, ಹಳೆಯದರ ದುರಸ್ತಿಗೂ ಒಪ್ಪಿಗೆ ಬೇಕು. ನಿಯಂತ್ರಿತ ಪ್ರದೇಶದಲ್ಲಿ ಕಟ್ಟುವವರು ಪಂಚಾಯಿತಿಗೆ ಹೋಗುವ ಮೊದಲು ಸಕ್ಷಮ ಪ್ರಾಧಿಕಾರದ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ನಿರಾಕ್ಷೇಪಣೆ ಪಡೆಯಬೇಕು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಬರಹದ ಪಕ್ಕ ಹೀಗೊಂದು ಬಯಲು ಉಳಿಯುವುದು ನ್ಯಾಯವೇ. ದನದ ಕೊಟ್ಟಿಗೆಯ ಮಾಡು ಬದಲಿಸಲು ಓಡಾಡುವ ಮನೆಯವರಿಗೆ ಆ ಅರ್ಜಿ ಹತ್ತಿರದಲ್ಲೇ ಸಿಗುವಂತಿರಬೇಕು ಎಂಬುದೂ ಅಷ್ಟೇ ನ್ಯಾಯ.

ಇನ್ನು ಒಡೆಯುವ ಮಾತು. ಮನೆ ಕೆಡವುವ ಮೊದಲು ಮನೆಯವರ ಮಾತು ಕೇಳಬೇಕು ಎಂಬ ತತ್ವಕ್ಕೆ ಹಳೆಯ ಆಧಾರ 1863ರ ಲಂಡನ್ ಪ್ರಕರಣ. ಅಲ್ಲಿ ಮನೆ ಕಟ್ಟುವವರು ಏಳು ದಿನ ಮೊದಲು ಸ್ಥಳೀಯ ಮಂಡಳಿಗೆ ತಿಳಿಸಬೇಕಿತ್ತು. ಕೂಪರ್ ಎಂಬ ಕಟ್ಟಡ ನಿರ್ಮಾಪಕ ತಿಳಿಸಿಲ್ಲವೆಂದು ವಾಂಡ್ಸ್‌ವರ್ತ್ ಮಂಡಳಿ ಆತ ಕಟ್ಟುತ್ತಿದ್ದ ಮನೆಯನ್ನು ಕೆಡವಿತು. ಕಾನೂನಿನಲ್ಲಿ ವಿಚಾರಣೆಯ ಮಾತೇ ಇರದಿದ್ದರೂ, ಆತನನ್ನು ಕೇಳದೆ ಕೆಡವಿದ್ದು ತಪ್ಪೆಂದು ನ್ಯಾಯಾಲಯ ಹೇಳಿತು. ಅದೇ ತತ್ವವನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನಗಳಾಗಿ ಬಿಡಿಸಿಟ್ಟಿತು. ಕನಿಷ್ಠ 15 ದಿನದ ಕಾರಣ ಕೇಳುವ ನೋಟಿಸು, ಖುದ್ದು ವಿಚಾರಣೆ, ಕಾರಣ ಬರೆದ ಆದೇಶ, ಆದೇಶವಾದ ಮೇಲೂ 15 ದಿನದ ಬಿಡುವು. ರಸ್ತೆ, ಪಾದಚಾರಿ ದಾರಿ, ನದಿ ಅಥವಾ ಜಲಮೂಲದಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಮತ್ತು ನ್ಯಾಯಾಲಯವೇ ಕೆಡವಲು ಹೇಳಿದ ಕಟ್ಟಡಕ್ಕೆ ಈ ರಕ್ಷಣೆ ಇಲ್ಲ.

ಅಕ್ರಮವಾಗಿ ಕೊಟ್ಟ ಲೈಸೆನ್ಸನ್ನು ನೆರೆಯವರು ಪ್ರಶ್ನಿಸಬಹುದು ಎಂಬುದಕ್ಕೆ ಉಡುಪಿಯ ಪ್ರಕರಣ ಆಧಾರ. ವಸತಿ ಪ್ರದೇಶದಲ್ಲಿ ಕಲ್ಯಾಣ ಮಂಟಪವೆಂದು ಶುರುವಾದ ಯೋಜನೆ ಸಿನಿಮಾ ಮಂದಿರವಾಯಿತು. ಪುರಸಭೆ ಒಪ್ಪಿಗೆ ಕೊಟ್ಟಿತು. ನಿವಾಸಿ ರಾಮದಾಸ ಶೆಣೈ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ, ನಗರ ಯೋಜನೆಗೆ ವಿರುದ್ಧವಾಗಿ ಕೊಟ್ಟ ಅನುಮತಿ ಕಾನೂನುಬಾಹಿರವೆಂದಿತು. ಕಟ್ಟಿ ಹಣ ಸುರಿದಾಗಿದೆ ಎಂಬ ವಾದವನ್ನು ಒಪ್ಪಲಿಲ್ಲ. ಇಂಥ ಮೊಕದ್ದಮೆಗೆ ಮೊದಲು ಬೇಕಾದದ್ದು ಒಪ್ಪಿತ ನಕ್ಷೆಯ ಪ್ರತಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು.

ಮನೆ ಮುಗಿದ ಮೇಲೆ, ಅದು ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ ಬೇಕು. ಸಣ್ಣ ಊರುಗಳಲ್ಲಿ ಬಹುಕಾಲ ಅದನ್ನು ಕೇಳುವವರೇ ಇರಲಿಲ್ಲ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಆ ಪತ್ರ ನೋಡಿಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕೆಂದು ಹೇಳಿದ ಮೇಲೆ ಚಿತ್ರದುರ್ಗ ಜಿಲ್ಲೆಯೂ ಸೇರಿದ ಬೆಸ್ಕಾಂ ವಿದ್ಯುತ್ ಕಂಪನಿಯ ವ್ಯಾಪ್ತಿಯಲ್ಲಿ ಈ ಪ್ರಶ್ನೆ ಪ್ರತಿ ಹೊಸ ಮನೆಯ ಬಾಗಿಲಿಗೆ ಬಂದಿತು. ಪತ್ರ ಕೊಡುವ ಮೊದಲು ಎಂಜಿನಿಯರ್ ಒಪ್ಪಿತ ನಕ್ಷೆ ಹಿಡಿದು ಬಂದು, ಪಾಯ ತೋಡುವಾಗ ಅಳೆಯಬೇಕಿದ್ದ ಅದೇ ಸಂದಿಯನ್ನು ಅಳೆಯುತ್ತಾರೆ. ಉಲ್ಲಂಘನೆಗೆ ದಂಡ ಕಟ್ಟಿಸಿ ಬಿಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.